ಬೆನ್ನುಹುರಿಯ ಕಾರ್ಯ ಮತ್ತು ರಕ್ಷಣೆ

ಮಧ್ಯ ರೈಲ್ವೆಯ ಮುಖ್ಯ ಮಾರ್ಗವೂ ಹಾರ್ಬರ್ ಮಾರ್ಗವೂ ಕೂಡುವ ಮುಂಬಯಿಯ ಕುರ್ಲಾದಂತಹ ನಿಲ್ದಾಣಗಳಲ್ಲಿ ಯಾರಾದರೂ ರೈಲಿನಿಂದ ಬಿದ್ದರೆ, ಜನರು ಕೈಕಾಲು ಹಿಡಿದು ಎತ್ತಲು ಧಾವಿಸುವುದು ಸಹಜ. ಬೆನ್ನುಮೂಳೆಗೆ ಪೆಟ್ಟಾಗಿದ್ದರೆ ಈ ನೆರವೇ ಅಪಾಯಕ್ಕೆ ಕಾರಣವಾಗಬಹುದು.

ಬೆನ್ನುಮೂಳೆಯ ನಾಳದೊಳಗೆ ಮೆದುಳಿನಿಂದ ಸೊಂಟದ ಮೇಲ್ಭಾಗದವರೆಗೆ ಇಳಿಯುವ ಬೆನ್ನುಹುರಿಯು ವಯಸ್ಕರಲ್ಲಿ ಸುಮಾರು 45 ಸೆಂಟಿಮೀಟರ್ ಉದ್ದವಿರುತ್ತದೆ. ಇದರಿಂದ 31 ಜೊತೆ ನರಗಳು ಹೊರಡುತ್ತವೆ. ಈ ನರಗಳ ಹಿಂಬದಿಯ ಬೇರುಗಳು ಸ್ಪರ್ಶ, ನೋವು, ಶಾಖಗಳ ಸಂವೇದನೆಯನ್ನು ಹುರಿಗೆ ತಲುಪಿಸುತ್ತವೆ. ಮುಂಬದಿಯ ಬೇರುಗಳು ಚಲನೆಯ ಆದೇಶವನ್ನು ಸ್ನಾಯುಗಳಿಗೆ ಒಯ್ಯುತ್ತವೆ. ಹುರಿಗೆ ಪೂರ್ಣ ಹಾನಿಯಾದರೆ, ಅದಕ್ಕಿಂತ ಕೆಳಗಿನ ಭಾಗಕ್ಕೂ ಮೆದುಳಿಗೂ ಇರುವ ಸಂಪರ್ಕ ಕಡಿದುಹೋಗುತ್ತದೆ. ಕತ್ತಿನಲ್ಲಿ ಹಾನಿಯಾದರೆ ಕೈಕಾಲುಗಳೆರಡೂ, ಎದೆಯ ಮಟ್ಟದಲ್ಲಾದರೆ ಕಾಲುಗಳು ಚಲನೆಯನ್ನೂ ಸ್ಪರ್ಶಜ್ಞಾನವನ್ನೂ ಕಳೆದುಕೊಳ್ಳುತ್ತವೆ. ಕಡಿದ ನರತಂತುಗಳು ಚರ್ಮದ ಗಾಯದಂತೆ ಮರಳಿ ಕೂಡಿಕೊಳ್ಳುವುದಿಲ್ಲ.

ಆದುದರಿಂದ ಗಾಯಾಳುವನ್ನು ಅಲುಗಾಡಿಸದೆ, ನಿಲ್ದಾಣದ ಸಿಬ್ಬಂದಿಗೆ ತಿಳಿಸಿ, ಆಂಬುಲೆನ್ಸಿಗಾಗಿ 108ಕ್ಕೆ ಕರೆ ಮಾಡಬೇಕು. ಸ್ಥಳಾಂತರಿಸುವುದು ಅನಿವಾರ್ಯವಾದಲ್ಲಿ, ತಲೆ, ಕತ್ತು, ಮುಂಡಗಳು ಒಂದೇ ನೇರದಲ್ಲಿರುವಂತೆ ಹಲವರು ಕೂಡಿ ಎತ್ತಿ, ಸಮತಟ್ಟಾದ ಸ್ಟ್ರೆಚರಿನ ಮೇಲೆ ಮಲಗಿಸಬೇಕು.

ಚಿಕಿತ್ಸೆಯ ಅನಂತರದ ಪುನರ್ವಸತಿಗಾಗಿ ಮುಂಬಯಿಯ ಹಾಜಿ ಅಲಿಯಲ್ಲಿ, 1955ರಲ್ಲಿ ಸ್ಥಾಪನೆಯಾದ ಕೇಂದ್ರ ಸರ್ಕಾರದ ಅಖಿಲ ಭಾರತ ಭೌತಿಕ ವೈದ್ಯಕೀಯ ಮತ್ತು ಪುನರ್ವಸತಿ ಸಂಸ್ಥೆಯಿದೆ.