ಮುಂದಾಳಿನ ಒರೆಗಲ್ಲು: ತೆರೆದಿಟ್ಟ ಕಿರ್ದಿ
(ಅಧ್ಯಯನ ಪಾಠ)



ನಮ್ಮ ಆದೋನಿ, ಆಲೂರು, ಕೌತಾಳಂ, ಹೊಳಗುಂದ ಸೀಮೆಯಲ್ಲಿ ಸಂಘಗಳಿಗೆ ಬರವಿಲ್ಲ. ರೈತರ ಸಂಘ, ವರ್ತಕರ ಸಂಘ, ಸ್ತ್ರೀಯರ ಉಳಿತಾಯ ಸಂಘ, ಜಾತ್ರಾ ಸಮಿತಿ ಹೀಗೆ ಹಲವು ಇವೆ. ಆದರೆ ಕಟ್ಟಿದವರು ಕಣ್ಮರೆಯಾದ ಮೇಲೂ ಚೆನ್ನಾಗಿ ನಡೆದವು ಎಷ್ಟು? ದುಡ್ಡಿಲ್ಲದೆ ನಿಂತ ಸಂಘಗಳಿಗಿಂತ, ಮುಂದಾಳಿನ ಮೇಲಿನ ನಂಬಿಕೆ ಹೋಗಿ ನಿಂತ ಸಂಘಗಳನ್ನೇ ನಾವು ಹೆಚ್ಚಾಗಿ ಕಂಡಿದ್ದೇವೆ. ಸಂಘ ಮುರಿದಾಗ ನಷ್ಟವಾಗುವುದು ಅಧ್ಯಕ್ಷನಿಗಲ್ಲ. ಬೀಜ ಗೊಬ್ಬರಕ್ಕೆ ಮತ್ತೆ ಬಡ್ಡಿ ಸಾಲಕ್ಕೆ ಕೈಯೊಡ್ಡುವ ಒಕ್ಕಲಿಗನಿಗೆ.

ಮುಂದಾಳುತನ ಹುಟ್ಟಿನಿಂದ ಬರುವುದೆಂದು ಹಲವರ ತಿಳಿವಳಿಕೆ. ಅದು ಸರಿಯಲ್ಲ. ಅದೂ ಒಂದು ಕಾಯಕ, ಕಲಿತು ಮಾಡಬೇಕಾದುದು. ಅದರ ಮೊದಲ ಅಕ್ಷರವೆಂದರೆ ಲೆಕ್ಕ ಒಪ್ಪಿಸುವುದು.

ಕಣಗಿನಹಾಳದ ಪಾಠ

1904ರಲ್ಲಿ ಸರ್ಕಾರ ಸಹಕಾರಿ ಪತ್ತಿನ ಸಂಘಗಳ ಕಾಯಿದೆ ತಂದಿತು. ಮರುವರ್ಷವೇ, 1905ರಲ್ಲಿ, ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ ಶಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳುತನದಲ್ಲಿ ಒಕ್ಕಲಿಗರು ಸಂಘ ಕಟ್ಟಿದರು. ದೇಶದ ಮೊಟ್ಟಮೊದಲ ಸಹಕಾರ ಸಂಘಗಳ ಸಾಲಿನಲ್ಲಿ ಅದರ ಹೆಸರಿದೆ.

ಆ ಕಾಯಿದೆಯ ಒಂದು ಕಟ್ಟಳೆಯನ್ನು ನಾವು ಗಮನಿಸಬೇಕು. ಹತ್ತು ಜನ ಸೇರಿದರೆ ಸಂಘವನ್ನು ನೋಂದಾಯಿಸಬಹುದಿತ್ತು. ಆದರೆ ಹಳ್ಳಿಯ ಸಂಘಗಳಲ್ಲಿ ಸದಸ್ಯರ ಹೊಣೆಗೆ ಮಿತಿ ಇರಲಿಲ್ಲ. ಒಬ್ಬ ಸಾಲ ತೀರಿಸದೆ ಸಂಘ ಮುಳುಗಿದರೆ ಉಳಿದವರ ಆಸ್ತಿಯೂ ಆ ಸಾಲಕ್ಕೆ ಹೊಣೆ. ಇದರ ಅರ್ಥವೇನು? ಅಧ್ಯಕ್ಷನು ತನ್ನ ನೆಂಟನಿಗೆ ವಿಚಾರಿಸದೆ ಸಾಲ ಬರೆದುಕೊಟ್ಟರೆ ಪಕ್ಕದ ಮನೆಯವನ ಹೊಲವನ್ನೇ ಒತ್ತೆ ಇಟ್ಟಂತೆ. ಇಂಥ ಹೊಣೆಗೆ ಜನ ಒಪ್ಪಬೇಕಾದರೆ ಮುಂದಾಳಿನ ಮಾತು ಸಿಹಿಯಾಗಿದ್ದರೆ ಸಾಲದು. ಅವನ ಕಿರ್ದಿ ಎಲ್ಲರೆದುರು ತೆರೆದಿರಬೇಕು.

ಎಮ್ಮಿಗನೂರಿನ ಮಗ್ಗಗಳು

ದೂರ ಹೋಗುವುದೇಕೆ? ನಮ್ಮ ಎಮ್ಮಿಗನೂರನ್ನೇ ನೋಡೋಣ. 1938ರಲ್ಲಿ ಮಾಚಾನಿ ಸೋಮಪ್ಪನವರು ಅಲ್ಲಿ ನೇಕಾರರ ಸಹಕಾರ ಸಂಘ ಸ್ಥಾಪಿಸಿದರು. 1954ರಲ್ಲಿ ಭಾರತ ಸರ್ಕಾರ ಅವರಿಗೆ ಪದ್ಮಶ್ರೀ ನೀಡಿ ಗೌರವಿಸಿತು.

ನೇಕಾರರ ಸಂಘ ನಡೆಸುವುದು ಸುಲಭವಲ್ಲ. ಸಾಹುಕಾರನಿಂದ ನೂಲು ತಂದು, ನೇಯ್ದ ಬಟ್ಟೆಯನ್ನು ಅವನಿಗೇ ಒಪ್ಪಿಸಿ, ಅವನು ಕೊಟ್ಟ ಕೂಲಿಗೆ ತೃಪ್ತನಾಗುವ ನೇಕಾರನಿಗೆ ಬೆಲೆ ಕೇಳುವ ಧೈರ್ಯವಿರುವುದಿಲ್ಲ. ಸಂಘವು ತಾನೇ ನೂಲು ಕೊಂಡು ಸದಸ್ಯರಿಗೆ ಹಂಚಬೇಕು, ಬಟ್ಟೆಯ ಗುಣ ನೋಡಿ ಕೂಲಿ ಕೊಡಬೇಕು, ಮಾರುಕಟ್ಟೆ ಹುಡುಕಬೇಕು. ನೂಲಿನ ದರ ಏರಿದಾಗ, ಬಟ್ಟೆ ಮಾರದೆ ಉಳಿದಾಗ, ಕೂಲಿ ತಡವಾಗುವುದನ್ನು ಸದಸ್ಯರೆದುರು ನಿಂತು ಹೇಳಬೇಕು. ಮಗ್ಗದ ಕಷ್ಟ ತಿಳಿಯದವನು ಈ ಕೆಲಸ ಮಾಡಲಾರ. ನಮ್ಮ ಹತ್ತಿ, ಶೇಂಗಾ ಬೆಳೆಗಾರರ ಸಂಘಕ್ಕೂ ಇದೇ ಮಾತು ಸಲ್ಲುತ್ತದೆ. ತೂಕ, ತೇವ, ದಲಾಲಿ, ಹಮಾಲಿ ಇವುಗಳ ಲೆಕ್ಕ ಬಾರದವನು ರೈತನ ಪರ ಯಾರ ಮುಂದೆ ಏನು ವಾದಿಸಿಯಾನು?

ಪೀಠ ಬಿಟ್ಟುಕೊಡುವ ಧೈರ್ಯ

ಬಸವಣ್ಣನವರು ಅನುಭವ ಮಂಟಪ ಕಟ್ಟಿದರೂ ಶೂನ್ಯಪೀಠದ ಮೇಲೆ ಕುಳ್ಳಿರಿಸಿದ್ದು ಅಲ್ಲಮಪ್ರಭುಗಳನ್ನು ಎಂದು ನಮ್ಮ ಪರಂಪರೆ ಹೇಳುತ್ತದೆ. ಕಟ್ಟಿದವನೇ ಕುಳಿತಿರಬೇಕೆಂಬ ಹಟ ಅಲ್ಲಿರಲಿಲ್ಲ. ಇಂದು ಇಪ್ಪತ್ತು ವರ್ಷ ಒಂದೇ ಕುರ್ಚಿಯಲ್ಲಿ ಕುಳಿತು, "ನಾನಿಲ್ಲದಿದ್ದರೆ ಸಂಘ ನಡೆಯದು" ಎಂದು ಹೆಮ್ಮೆಪಡುವ ಹಿರಿಯರು ಒಂದು ಕ್ಷಣ ಯೋಚಿಸಬೇಕು. ಆ ಮಾತು ಹೊಗಳಿಕೆಯಲ್ಲ, ಸೋಲಿನ ಒಪ್ಪಿಗೆ.

ಮಾಡಬೇಕಾದ ನಾಲ್ಕು ಕೆಲಸಗಳು

1. ತಿಂಗಳಿಗೊಮ್ಮೆ ಕಿರ್ದಿಯನ್ನು ಸಭೆಯಲ್ಲಿ ಗಟ್ಟಿಯಾಗಿ ಓದಿಸಿ. ಅಧ್ಯಕ್ಷನ ಮನೆಯವರು ಪಡೆದ ಸಾಲವನ್ನು ಮೊದಲು ಓದಬೇಕು.

2. ತಿಳಿವಳಿಕೆ ಪತ್ರವನ್ನು ಎರಡು ಲಿಪಿಯಲ್ಲಿ ಬರೆಯಿಸಿ. 1953ರ ಅಕ್ಟೋಬರ್ 1ರಂದು ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಬಳ್ಳಾರಿ ಜಿಲ್ಲೆಯಿಂದ ಬೇರೆಯಾಗಿ ಆಂಧ್ರಕ್ಕೆ ಸೇರಿದವು. ಈಗ ಕಚೇರಿಯ ಕಾಗದ ತೆಲುಗಿನಲ್ಲಿ. ಕನ್ನಡ ಮಾತ್ರ ಓದಬಲ್ಲ ಹಿರಿಯನಿಗೆ ಅದು ತಿಳಿಯದು. ತೆಲುಗು ಶಾಲೆಯಲ್ಲಿ ಕಲಿತ ಮೊಮ್ಮಗನಿಗೆ ಕನ್ನಡದ ಪತ್ರ ಓದಲು ಬಾರದು. ಓದಲಾಗದವನು ಪ್ರಶ್ನೆ ಕೇಳಲಾರ. ಪ್ರಶ್ನೆಯಿಲ್ಲದ ಸಂಘದಲ್ಲಿ ಒಳ್ಳೆಯ ಮುಂದಾಳೂ ನಿಧಾನವಾಗಿ ಕೆಡುತ್ತಾನೆ.

3. ಎದುರು ಮಾತನಾಡುವವನನ್ನು ಹೊರಗಿಡಬೇಡಿ. ಅವನ ಮಾತನ್ನು ಮುಗಿಯುವವರೆಗೆ ಕೇಳಿ, ನಡಾವಳಿಯಲ್ಲಿ ಬರೆಯಿಸಿ, ಮುಂದಿನ ಸಭೆಯಲ್ಲಿ ಉತ್ತರ ಕೊಡಿ.

4. ಇಬ್ಬರು ಕಿರಿಯರಿಗೆ, ಅದರಲ್ಲಿ ಒಬ್ಬಳು ಹೆಣ್ಣುಮಗಳಿಗೆ, ಬ್ಯಾಂಕಿನ ವ್ಯವಹಾರ ಮತ್ತು ಲೆಕ್ಕ ಬರೆಯುವುದನ್ನು ಕಲಿಸಿ. ವರ್ಷಕ್ಕೆ ಒಂದು ಸಭೆಯನ್ನು ಅವರೇ ನಡೆಸಲಿ. ಅಧ್ಯಕ್ಷರು ಕೆಳಗೆ ಚಾಪೆಯ ಮೇಲೆ ಕುಳಿತು ಕೇಳಲಿ.

ಆಂಧ್ರದಲ್ಲಿ 1995ರಲ್ಲಿ ಬಂದ ಪರಸ್ಪರ ಸಹಾಯ ಸಹಕಾರ ಸಂಘಗಳ ಕಾಯಿದೆಯು, ಸರ್ಕಾರದ ಪಾಲು ಬಂಡವಾಳವಿಲ್ಲದೆ ಸದಸ್ಯರೇ ಸಂಘ ನಡೆಸಿಕೊಳ್ಳುವ ದಾರಿ ತೆರೆಯಿತು. ಮಹಾಸಭೆ, ಚುನಾವಣೆ, ಲೆಕ್ಕಪರಿಶೋಧನೆ ಕಾಲಕ್ಕೆ ಸರಿಯಾಗಿ ನಡೆಸುವ ಹೊಣೆ ಆಡಳಿತ ಮಂಡಳಿಯದೇ. ಸ್ವಾತಂತ್ರ್ಯ ಹೆಚ್ಚಿದಷ್ಟೂ ಮುಂದಾಳಿನ ಹೊಣೆ ಹೆಚ್ಚು. ಕಾಯಿದೆ ಸಭೆ ಕರೆಯಲು ಹೇಳಬಲ್ಲದು. ಸಭೆಯಲ್ಲಿ ನಿಜ ಹೇಳುವುದು ಮುಂದಾಳಿನ ಮನಸ್ಸಿಗೆ ಬಿಟ್ಟದ್ದು.

ಚಿಂತನೆಗೆ

* ನಿಮ್ಮ ಸಂಘದ ಕಿರ್ದಿಯನ್ನು ನೀವು ಕೊನೆಯ ಬಾರಿ ನೋಡಿದ್ದು ಯಾವಾಗ?
* ಅಧ್ಯಕ್ಷರು ನಾಳೆ ಹಾಸಿಗೆ ಹಿಡಿದರೆ ಬೀಗದ ಕೈ ಯಾರ ಬಳಿ ಇರುತ್ತದೆ?
* ಕಳೆದ ಸಭೆಯಲ್ಲಿ ಕೇಳಬೇಕೆಂದಿದ್ದು, ಕೇಳದೆ ಎದ್ದು ಬಂದ ಪ್ರಶ್ನೆ ಯಾವುದು?

ಈ ಮೂರನ್ನು ಬರುವ ಅಮಾವಾಸ್ಯೆಯ ಕೂಟದಲ್ಲಿ ಚರ್ಚಿಸಿರಿ. ಮೂರನೆಯದಕ್ಕೆ ಉತ್ತರ ಕೊಡುವಾಗ ಸದಸ್ಯನಿಗೂ ಧೈರ್ಯ ಬೇಕು. ಅದನ್ನು ಕೇಳಿಸಿಕೊಳ್ಳುವಾಗ ಮುಂದಾಳಿಗೆ ತಾಳ್ಮೆ ಬೇಕು. ಎರಡೂ ಕೂಡಿದ ಊರಿನಲ್ಲಿ ಸಂಘ ಉಳಿಯುತ್ತದೆ.