ಸಿಕ್ಕು ಬಿಡಿಸುವುದು ಗುರುವಾರ ರಾತ್ರಿಯ ಕೆಲಸ

ಪ್ರಶ್ನೆ: ಅಕ್ಕಾ, ನನಗೆ 31 ವರ್ಷ. ಯಲಹಂಕದ ಹತ್ತಿರ ಅಪಾರ್ಟ್‌ಮೆಂಟಿನಲ್ಲಿದ್ದೇವೆ, ಬೋರ್‌ವೆಲ್ ನೀರು. ಕೂದಲು ಸೊಂಟದಿಂದ ಒಂದು ಗೇಣು ಕೆಳಗಿದೆ. ಮಂಗಳವಾರ, ಶುಕ್ರವಾರ ಪೂಜೆಗೆ ಮುಂಚೆ ತಲೆಸ್ನಾನ ಆಗಲೇಬೇಕು. ಏಳೂಮುಕ್ಕಾಲಿಗೆ ಆಫೀಸಿನ ಕ್ಯಾಬ್ ಬರುತ್ತದೆ. ಎರೆದುಕೊಂಡ ಮೇಲೆ ಸಿಕ್ಕು ಬಿಡಿಸುವುದರಲ್ಲೇ ಅರ್ಧ ಗಂಟೆ ಹೋಗಿ, ಕೊನೆಗೆ ಸಿಟ್ಟು ಬಂದು ಬಾಚಣಿಗೆಯಲ್ಲಿ ಎಳೆದೇಬಿಡುತ್ತೇನೆ. ಕೈತುಂಬ ಕೂದಲು ಬರುತ್ತದೆ. ‘ಮನೆಯೆಲ್ಲ ಕೂದಲು, ಭುಜದವರೆಗೆ ಕತ್ತರಿಸಿಬಿಡು’ ಅನ್ನುತ್ತಾರೆ ಅತ್ತೆ. ಕಂಡೀಷನರ್ ಹಾಕಿದ್ದಕ್ಕೇ ಉದುರುತ್ತಿದೆ ಅಂತ ಅಮ್ಮ. ಸ್ನೇಹಿತೆಯೊಬ್ಬಳು ಶಾಂಪೂ ಮುಟ್ಟದೆ ಬರೀ ಕಂಡೀಷನರಿನಲ್ಲಿ ಬೇಗ ತೊಳೆದುಕೊಳ್ಳುತ್ತಾಳಂತೆ. ಅದು ಸರಿಯಾ? ನನಗಂತೂ ಕತ್ತರಿಸುವ ಮನಸ್ಸಿಲ್ಲ.
– ಹೆಸರು ಬೇಡ, ಬೆಂಗಳೂರು

ಉತ್ತರ: ಮೊದಲು ಆ ಕೈತುಂಬ ಕೂದಲಿನ ವಿಚಾರ ಮುಗಿಸೋಣ, ನಿಮ್ಮ ಅರ್ಧ ಭಯ ಅಲ್ಲೇ ಇದೆ. ಆರೋಗ್ಯವಾಗಿರುವವರ ತಲೆಯಿಂದಲೂ ದಿನಕ್ಕೆ 50ರಿಂದ 100 ಕೂದಲು ಉದುರುತ್ತವೆ. ನೀವು ಜಡೆ ಹೆಣೆದು ಓಡಾಡುವವರು. ಬುಡ ಬಿಟ್ಟ ಕೂದಲು ನೆಲಕ್ಕೆ ಬೀಳದೆ ಜಡೆಯೊಳಗೇ ಉಳಿದುಕೊಳ್ಳುತ್ತದೆ. ಮಂಗಳವಾರದಿಂದ ಶುಕ್ರವಾರದವರೆಗಿನದು ಒಂದೇ ಸಲ ಕೈಗೆ ಬಂದರೆ 200 ದಾಟುವುದು ಸಹಜ, ಅದೂ ಒಂದೊಂದೂ ಮೂರಡಿ ಉದ್ದ. ಬಾಬ್ ಕಟ್ ಮಾಡಿಸಿಕೊಂಡವಳಿಗೂ ಅಷ್ಟೇ ಉದುರುತ್ತದೆ, ಅವಳ ಕಣ್ಣಿಗೆ ಬೀಳುವುದಿಲ್ಲ ಅಷ್ಟೆ.

ಮುಂದಿನ ಸಲ ನಾಲ್ಕು ಎಳೆ ತೆಗೆದು ಬೆಳಕಿಗೆ ಹಿಡಿದು ನೋಡಿ. ಒಂದು ತುದಿಯಲ್ಲಿ ಸಣ್ಣ ಬಿಳಿ ಗುಂಡು ಇದ್ದರೆ ಅದು ತಾನಾಗಿ ಉದುರಿದ ಕೂದಲು. ಗುಂಡಿಲ್ಲದ, ಗೇಣುದ್ದದ ತುಂಡುಗಳು ಹೆಚ್ಚಿದ್ದರೆ ಅವು ನಿಮ್ಮ ಬಾಚಣಿಗೆ ಮುರಿದವು. ನಿಮ್ಮ ಸಿಟ್ಟಿನ ಲೆಕ್ಕ ಈ ಎರಡನೆಯದಕ್ಕೆ ಸೇರುತ್ತದೆ. ಅಮ್ಮನ ಅನುಮಾನಕ್ಕೂ ಇದರಲ್ಲೇ ಉತ್ತರವಿದೆ: ಕಂಡೀಷನರ್ ಹಾಕಿದಾಗ ಬಾಚಣಿಗೆ ಸರಾಗವಾಗಿ ಇಳಿಯುತ್ತದೆ, ಆಗಲೇ ಬುಡ ಬಿಟ್ಟಿದ್ದದ್ದೆಲ್ಲ ಅದರ ಜೊತೆ ಜಾರಿ ಬರುತ್ತದೆ. ನೋಡಿದವರಿಗೆ ಅದರಿಂದಲೇ ಉದುರಿತು ಅನ್ನಿಸುತ್ತದೆ. ಬೈತಲೆ ಅಗಲವಾಗುತ್ತಿದ್ದರೆ, ಅಲ್ಲಲ್ಲಿ ನೆತ್ತಿ ಕಾಣುತ್ತಿದ್ದರೆ, ಹೆರಿಗೆಯೋ ದೊಡ್ಡ ಜ್ವರವೋ ಆಗಿ ಎರಡು ಮೂರು ತಿಂಗಳಿಗೆ ರಾಶಿ ರಾಶಿ ಉದುರುತ್ತಿದ್ದರೆ ಚರ್ಮದ ಡಾಕ್ಟರನ್ನು ನೋಡಬೇಕು, ರಕ್ತದ ಕಬ್ಬಿಣಾಂಶವನ್ನೂ ಥೈರಾಯ್ಡನ್ನೂ ಪರೀಕ್ಷೆ ಮಾಡಿಸಬೇಕು. ನಿಮ್ಮ ಪತ್ರದಲ್ಲಿ ಅಂಥದ್ದೇನೂ ಕಾಣಲಿಲ್ಲ.

ಇನ್ನು ಸಿಕ್ಕು. ಕೂದಲು ತಿಂಗಳಿಗೆ ಹೆಚ್ಚುಕಡಿಮೆ ಒಂದು ಸೆಂಟಿಮೀಟರ್, ಸ್ವಲ್ಪ ಮೇಲೆ ಬೆಳೆಯುತ್ತದೆ. ಸೊಂಟ ದಾಟಿದ ಕೂದಲೆಂದರೆ ಅದರ ತುದಿಗೆ ಏಳೆಂಟು ವರ್ಷ ವಯಸ್ಸು. ವಾರಕ್ಕೆ ಎರಡು ತಲೆಸ್ನಾನದ ಲೆಕ್ಕದಲ್ಲಿ ಅದು 700ಕ್ಕೂ ಹೆಚ್ಚು ಸಲ ಶಾಂಪೂ ಕಂಡಿದೆ. ಕೂದಲಿನ ಹೊರಮೈಯಲ್ಲಿ ಮಂಗಳೂರು ಹೆಂಚು ಹೊದಿಸಿದ ಹಾಗೆ ಒಂದರ ಮೇಲೊಂದು ಪದರಗಳಿವೆ, ಎಲ್ಲವೂ ತುದಿಯ ಕಡೆಗೆ ಮುಖಮಾಡಿರುತ್ತವೆ. ಬುಡದ ಹತ್ತಿರ ಅವು ಒತ್ತಾಗಿ ಕೂತಿರುತ್ತವೆ. ತುದಿಗೆ ಬರುವಷ್ಟರಲ್ಲಿ ಅಂಚು ಎದ್ದು, ಕೆಲವು ಉದುರಿಯೇ ಹೋಗಿ, ಒಂದು ಎಳೆ ಇನ್ನೊಂದಕ್ಕೆ ತೊಡರಿಕೊಳ್ಳುತ್ತದೆ. ಅಂದರೆ ನಿಮ್ಮ ತಲೆಯ ಮೇಲಿರುವುದು ಎರಡು ಬಗೆಯ ಕೂದಲು. ನೆತ್ತಿಯದು ಹೊಸದು, ಜಿಡ್ಡು ಬೆವರು ಅದರ ಸಮಸ್ಯೆ. ಕೆಳಗಿನದು ಹಳೆಯದು, ಅದಕ್ಕೆ ಕೊಳೆ ಕಡಿಮೆ, ಸವೆತ ಹೆಚ್ಚು. ಎರಡಕ್ಕೂ ಒಂದೇ ಉಪಚಾರ ಮಾಡುತ್ತಿದ್ದೀರಿ, ಸಿಕ್ಕು ಹುಟ್ಟುತ್ತಿರುವುದು ಅಲ್ಲಿಂದ.

ಕಂಡೀಷನರ್ ಕೆಲಸ ಮಾಡುವುದು ಈ ಸವೆತದ ಮೇಲೆಯೇ. ಸವೆದ ಕೂದಲು ಒದ್ದೆಯಾದಾಗ ಅದರ ಮೈಯಲ್ಲಿ ಋಣ ವಿದ್ಯುದಂಶ ಹೆಚ್ಚು. ಕಂಡೀಷನರಿನ ಮುಖ್ಯ ವಸ್ತುವಿನಲ್ಲಿ ಧನ ಅಂಶ. ಎಲ್ಲಿ ಹೆಚ್ಚು ಸವೆದಿದೆಯೋ ಅಲ್ಲೇ ಹೋಗಿ ಅಂಟಿಕೊಳ್ಳುತ್ತದೆ. ಇದಕ್ಕೆ ಒಂದೆರಡು ನಿಮಿಷ ಸಾಕು. ಶವರ್ ಕ್ಯಾಪ್ ಹಾಕಿ ಅರ್ಧ ಗಂಟೆ ಕೂತರೆ ಮನಸ್ಸಿಗೆ ಆರಾಮ ಸಿಗಬಹುದು, ಕೂದಲಿಗೆ ಹೆಚ್ಚಿನ ಲಾಭವೇನೂ ಇಲ್ಲ. ಹಾಗಾಗಿ ಬೇಗ ಮುಗಿಯುವ ಕಂಡೀಷನರ್ ತೊಳೆತ ಮೋಸದ ಕೆಲಸವಲ್ಲ.

ನಿಮ್ಮ ಸ್ನೇಹಿತೆಯ ಕ್ರಮದಲ್ಲಿ ಅರ್ಧ ಮಾತ್ರ ತೆಗೆದುಕೊಳ್ಳಿ. ಒಣ ಗುಂಗುರು ಕೂದಲಿನವರಿಗೆ ನೆತ್ತಿಯನ್ನೂ ಕಂಡೀಷನರಿನಲ್ಲೇ ತೊಳೆಯುವುದು ಹೊಂದಬಹುದು. ನೇರ ಕೂದಲು, ಜಿಡ್ಡಿನ ನೆತ್ತಿ, ಮೇಲೆ ಬೆಂಗಳೂರಿನ ಧೂಳು ಎಂದರೆ ಎರಡೇ ವಾರದಲ್ಲಿ ತಲೆ ಅಂಟಂಟು. ಶುಕ್ರವಾರ ಶಾಂಪೂ ಇರಲಿ. ಮಂಗಳವಾರ ಅದನ್ನು ಬಿಡಿ. ಪೂಜೆಗೆ ಬೇಕಾದದ್ದು ತಲೆಯ ಮೇಲೆ ನೀರು ಬೀಳುವುದು. ನೊರೆ ಬರಲೇಬೇಕೆಂದು ಯಾವ ಅತ್ತೆಯೂ ಪಟ್ಟು ಹಿಡಿಯಲಾರರು.

ಮಂಗಳವಾರ ಹೀಗೆ ಮಾಡಿ. ಹಿಂದಿನ ರಾತ್ರಿ ಎಣ್ಣೆ ಬೇಡ, ಬರೀ ಕಂಡೀಷನರಿಗೆ ಜಾಸ್ತಿ ಎಣ್ಣೆ ಹೋಗುವುದಿಲ್ಲ. ಮಲಗುವ ಮುಂಚೆ ಒಣಗಿದ ಕೂದಲನ್ನು ಬೆರಳಲ್ಲಿ ಬಿಡಿಸಿ ಸಡಿಲವಾಗಿ ಹೆಣೆದುಕೊಳ್ಳಿ. ಬೆಳಿಗ್ಗೆ ಆ ಜಡೆಯಲ್ಲೇ ನಿಂತು ನೆತ್ತಿಗೆ ನೀರು ಹಾಕಿ, ಬೆರಳ ತುದಿಯಲ್ಲಿ ತಿಕ್ಕಿ ತೊಳೆಯಿರಿ. ತುಂಬಾ ಬೆವರಿದ್ದರೆ ಚೂರು ಶಾಂಪೂವನ್ನು ಒಂದು ಚೊಂಬು ನೀರಿನಲ್ಲಿ ಕಲಸಿ ನೆತ್ತಿಗಷ್ಟೇ ಹಾಕಿ, ಜಡೆ ಬಿಚ್ಚಬೇಡಿ. ತಲೆಹೊಟ್ಟಿಗೆ ಔಷಧಿ ಶಾಂಪೂ ಹಾಕುವವರೂ ಹೀಗೆ ಜಡೆ ಬಿಚ್ಚದೆ ನೆತ್ತಿಗಷ್ಟೇ ಹಾಕಬಹುದು. ಆಮೇಲೆ ಜಡೆಯ ನೀರನ್ನು ಚೆನ್ನಾಗಿ ಹಿಂಡಿ. ಇದನ್ನು ಬಹಳ ಜನ ಮಾಡುವುದಿಲ್ಲ. ತೊಟ್ಟಿಕ್ಕುವ ಕೂದಲಿಗೆ ಹಾಕಿದ ಕಂಡೀಷನರ್ ನೀರಿನ ಜೊತೆ ಬಚ್ಚಲಿಗೇ ಹೋಗುತ್ತದೆ. ಈಗ ಜಡೆ ಬಿಚ್ಚಿ, ಕಿವಿಯಿಂದ ಕೆಳಗೆ ಮಾತ್ರ ಹಚ್ಚಿ. ನಿಮ್ಮ ಉದ್ದಕ್ಕೆ ಒಂದು ಸ್ಯಾಶೆ ಸಾಲದು, ಬಾಟಲಿ ತಂದಿಟ್ಟುಕೊಳ್ಳಿ. ಅದು ಕೂದಲಲ್ಲಿ ಇರುವಾಗಲೇ ಬೆರಳಾಡಿಸಿ, ಆಮೇಲೆ ದೊಡ್ಡ ಹಲ್ಲಿನ ಬಾಚಣಿಗೆಯಲ್ಲಿ ತುದಿಯ ನಾಲ್ಕಿಂಚು ಮೊದಲು, ಅದು ಬಿಟ್ಟ ಮೇಲೆ ಅದರ ಮೇಲಿನ ನಾಲ್ಕಿಂಚು, ಹಾಗೆ ಮೇಲೇರುತ್ತಾ ಬನ್ನಿ. ಒದ್ದೆ ಕೂದಲು ರಬ್ಬರಿನಂತೆ ಎಳೆದಷ್ಟೂ ಬರುತ್ತದೆ, ಬಂದು ತುಂಡಾಗುತ್ತದೆ. ಅದಕ್ಕೇ ಜಾರುವ ವಸ್ತುವಿಲ್ಲದೆ ಒದ್ದೆ ಕೂದಲಿಗೆ ಬಾಚಣಿಗೆ ಮುಟ್ಟಿಸಬೇಡಿ ಅನ್ನುವುದು. ತೊಳೆದ ಮೇಲೆ ಲೋಳೆ ಹೋಗಿರಬೇಕು, ನುಣುಪು ಉಳಿದಿರಬೇಕು. ಎಲ್ಲ ಸೇರಿ ಹತ್ತು ನಿಮಿಷ.

ಶುಕ್ರವಾರದ ಕೆಲಸವನ್ನು ಗುರುವಾರ ರಾತ್ರಿಗೆ ಹಾಕಿಕೊಳ್ಳಿ. ಇಲ್ಲಿ ಒಂದು ಮಾತು ಹೇಳಬೇಕು. ನಮ್ಮ ತಲೆಸ್ನಾನದ ಪದ್ಧತಿಯೆಲ್ಲ ಇಬ್ಬರ ಕೆಲಸವಾಗಿ ಬೆಳೆದದ್ದು. ಒಲೆಯ ಮೇಲೆ ಹಂಡೆತುಂಬ ನೀರು, ಎರೆಯುವುದಕ್ಕೆ ಅಮ್ಮನೋ ಅಜ್ಜಿಯೋ, ಆಮೇಲೆ ಜಗಲಿಯಲ್ಲಿ ಕೂರಿಸಿಕೊಂಡು ಸಿಕ್ಕು ಬಿಡಿಸುವುದಕ್ಕೆ ಇನ್ನೊಂದು ಜೊತೆ ಕೈ. ಆ ಕೈಗಳೂ ಹೋದವು, ಆ ನೀರೂ ಹೋಯಿತು. ನಿಮ್ಮ ಪಾಲಿಗೆ ಉಳಿದದ್ದು ಉದ್ದ ಕೂದಲು ಮತ್ತು ಒಂದು ಬಕೆಟ್. ‘ನಮ್ಮ ಕಾಲದಲ್ಲಿ ಬರೀ ಸೀಗೆಪುಡಿ’ ಎಂದು ಯಾರಾದರೂ ಹೇಳಿದರೆ ಇದನ್ನು ನೆನಪಿಸಿ. ಒಂದು ಬಕೆಟ್ ನೀರಿನಲ್ಲಿ ಮೂರಡಿ ಕೂದಲಿನಿಂದ ಸೀಗೆಪುಡಿಯ ತರಿ ಹೋಗುವುದಿಲ್ಲ, ಒಣಗಿದ ಮೇಲೆ ಅದೇ ಹೊಸ ಸಿಕ್ಕಿಗೆ ಕಾರಣ. ಸೀಗೆ ಬೇಕೇಬೇಕೆಂದರೆ ಕಾಯಿಯನ್ನು ಕುದಿಸಿ ಸೋಸಿದ ನೀರು ಬಳಸಿ. ಅದು ತೊಳೆಯುತ್ತದೆ ಅಷ್ಟೆ, ನುಣುಪು ಕೊಡುವುದು ದಾಸವಾಳದ ಎಲೆ ಕಿವುಚಿದ ಲೋಳೆ. ಕಂಡೀಷನರ್ ಇಲ್ಲದ ಕಾಲದಲ್ಲಿ ಆ ಕೆಲಸ ಅದರದ್ದಾಗಿತ್ತು, ಈಗಲೂ ಮಾಡುತ್ತದೆ. ಏಳೂಮುಕ್ಕಾಲಿನ ಕ್ಯಾಬ್ ಹಿಡಿಯುವವರು ಎಲೆ ಕಿವುಚುತ್ತಾ ಕೂರಬೇಕೆಂದು ನಾನು ಹೇಳುವುದಿಲ್ಲ.

ಗುರುವಾರ ರಾತ್ರಿ ಗಂಡನನ್ನು ಹಿಂದೆ ಕೂರಿಸಿಕೊಳ್ಳಿ. ತುದಿಯಿಂದ ಮೇಲಕ್ಕೆ ಬಿಡಿಸುವುದು ಐದು ನಿಮಿಷದಲ್ಲಿ ಕಲಿಯುವ ವಿದ್ಯೆ. ಸಿಕ್ಕು ಬಿಟ್ಟ ಮೇಲೆ ಉದ್ದಕ್ಕೆಲ್ಲ ಕೊಬ್ಬರಿ ಎಣ್ಣೆ ತೆಳುವಾಗಿ ಹಚ್ಚಿ ಹೆಣೆಯಿರಿ. ಆರತಿ ರೇಲೆ ಮತ್ತು ಆರ್.ಬಿ. ಮೊಹಿಲೆ 2003ರಲ್ಲಿ ಕೊಬ್ಬರಿ, ಸೂರ್ಯಕಾಂತಿ ಮತ್ತು ಮಿನರಲ್ ಎಣ್ಣೆಗಳನ್ನು ಹೋಲಿಸಿ ನೋಡಿದ್ದರು. ತೊಳೆಯುವಾಗ ಕೂದಲಿನಿಂದ ಪ್ರೋಟೀನ್ ಕಳೆದುಹೋಗುವುದನ್ನು ತಗ್ಗಿಸಿದ್ದು ಕೊಬ್ಬರಿ ಎಣ್ಣೆ ಮಾತ್ರ. ಅವರಿಬ್ಬರೂ ಕೊಬ್ಬರಿ ಎಣ್ಣೆ ಮಾರುವ ಕಂಪನಿಯವರೇ ಎನ್ನುವುದನ್ನು ಮರೆಯಬಾರದು ನಿಜ. ಆದರೂ ಅವರು ಕೊಟ್ಟ ಕಾರಣ ಒಪ್ಪುವಂತಿದೆ: ಕೊಬ್ಬರಿ ಎಣ್ಣೆಯ ಲಾರಿಕ್ ಆಮ್ಲದ ಕಣ ಚಿಕ್ಕದು, ನೇರವಾದದ್ದು, ಕೂದಲಿನ ಒಳಕ್ಕೆ ಇಳಿಯುತ್ತದೆ.

ಶುಕ್ರವಾರ ಬೆಳಿಗ್ಗೆ ಶಾಂಪೂ ನೆತ್ತಿಗೆ. ಇಳಿದು ಬರುವ ನೊರೆಯೇ ಕೆಳಗಿನ ಕೂದಲಿಗೆ ಸಾಕು. ತಲೆ ಬಗ್ಗಿಸಿ, ಕೂದಲನ್ನೆಲ್ಲ ಮುಂದಕ್ಕೆ ಎಳೆದುಕೊಂಡು ನೆತ್ತಿಯ ಮೇಲೆ ಗುಡ್ಡೆ ಹಾಕಿ ತಿಕ್ಕುವುದನ್ನು ಇವತ್ತೇ ಬಿಡಿ, ನಿಮ್ಮ ಅರ್ಧ ಗಂಟೆಯ ಸಿಕ್ಕು ಹುಟ್ಟುವುದು ಆ ಎರಡು ನಿಮಿಷದಲ್ಲಿ. ಕಂಡೀಷನರ್ ಮಂಗಳವಾರದ ಹಾಗೆಯೇ.

ಬೋರ್‌ವೆಲ್ಲಿನ ಗಡಸು ನೀರಿನಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಕೂದಲ ಮೇಲೆ ಕೂತು ಒರಟು ಮಾಡುತ್ತವೆ. ಇಡೀ ಸ್ನಾನಕ್ಕೆ ಫಿಲ್ಟರ್ ನೀರು ಯಾರಿಗೂ ಎಟುಕುವುದಿಲ್ಲ. ಕೊನೆಯ ಎರಡು ಚೊಂಬು ಮಾತ್ರ ಅಡುಗೆಮನೆಯ ಆರ್‌ಒ ನೀರು ಹಾಕಿ ನೋಡಿ, ಒಂದೇ ತಿಂಗಳಲ್ಲಿ ವ್ಯತ್ಯಾಸ ಕಾಣಬಹುದು.

ಒರೆಸುವುದಕ್ಕೆ ಹಳೆಯ ಪಂಚೆ. ಟರ್ಕಿ ಟವೆಲಿನ ಕುಣಿಕೆಗಳು ಎದ್ದ ಪದರಗಳನ್ನು ಇನ್ನಷ್ಟು ಎಳೆಯುತ್ತವೆ. ಟವೆಲಿನಿಂದ ಕೂದಲನ್ನು ಪಟಪಟ ಬಡಿಯುವ ಅಭ್ಯಾಸ ನಿಮಗಿದ್ದರೆ ದಯವಿಟ್ಟು ನಿಲ್ಲಿಸಿ. ಸುತ್ತಿ, ಒತ್ತಿ, ಬಿಡಿ. ಕ್ಯಾಬಿನಲ್ಲಿ ಕೂರುವಾಗ ಇನ್ನೂ ಹಸಿಯಿದ್ದರೆ ಬಿಗಿ ತುರುಬು ಬೇಡ, ಎರಡೂ ಕಡೆಯಿಂದ ಒಂದೊಂದು ಎಳೆ ತೆಗೆದು ಹಿಂದೆ ಸಡಿಲವಾಗಿ ಕಟ್ಟಿಕೊಳ್ಳಿ. ಆಫೀಸು ತಲುಪಿದ ಮೇಲೆ ಹೆಣೆದರಾಯಿತು.

ಅತ್ತೆಯ ಮಾತಿನಲ್ಲೂ ಒಂದು ಪಾಲು ನಿಜವಿದೆ. ತುದಿಯ ಎರಡು ಮೂರು ಇಂಚು ತೆಳ್ಳಗಾಗಿ, ಕವಲೊಡೆದು ಹೋಗಿದ್ದರೆ ಅಷ್ಟನ್ನು ಕತ್ತರಿಸಿ. ಅದರಿಂದ ಕೂದಲು ಬೇಗ ಬೆಳೆಯುವುದಿಲ್ಲ, ಬೆಳೆಯುವುದು ನೆತ್ತಿಯೊಳಗೆ. ಆದರೆ ಅತಿ ಹೆಚ್ಚು ತೊಡರುವ ಭಾಗ ಹೋಗುತ್ತದೆ. ಭುಜದವರೆಗೆ ಕತ್ತರಿಸುವುದು ನಿಮಗೆ ಬೇಕೆನಿಸಿದ ದಿನ ಮಾಡಿ, ಬಚ್ಚಲ ಜಾಲರಿಯಲ್ಲಿ ಕೂದಲು ಸಿಕ್ಕಿತೆಂದು ಬೇಡ. ಆ ಜಾಲರಿಯನ್ನು ಸ್ನಾನ ಮುಗಿದ ತಕ್ಷಣ ನೀವೇ ತೆಗೆದು ಚೊಕ್ಕ ಮಾಡಿಬಿಟ್ಟರೆ ಅತ್ತೆಯ ದೂರಿನಲ್ಲಿ ಮುಕ್ಕಾಲು ಪಾಲು ಕಡಿಮೆಯಾದೀತು.