ಮೊದಲ ಬುಟ್ಟಿ ನಿನ್ನ ತಲೆಯ ಮೇಲಿರಲಿ

ಮಗು, ಊರು ಬಿಟ್ಟು ಗುಜರಾತಿಗೆ ಹೋಗಿ, ಕಷ್ಟಪಟ್ಟು ದುಡಿದು, ಈಗ ನಿನ್ನ ಕೈಕೆಳಗೂ ಒಂದು ತಂಡ ಇದೆ ಎಂದು ಕೇಳಿ ಮನಸ್ಸು ತುಂಬಿ ಬಂತು. ಒಳ್ಳೆಯ ಮುಂದಾಳಾಗುವುದು ಹೇಗೆಂದು ಕಲಿಸಲು ಕಂಪನಿಯವರು ತರಬೇತಿಗೂ ಕಳಿಸುತ್ತಾರಂತೆ. ಖಂಡಿತ ಹೋಗು, ಕಲಿ. ಆದರೆ ನೀನು ಓಡಾಡುವ ಊರುಗಳಲ್ಲೇ ಆ ಪಾಠ ನಡೆದುಹೋಗಿದೆ. ಅದನ್ನು ಹಿರಿಯರ ಬಾಯಿಂದಲೂ ಒಮ್ಮೆ ಕೇಳು. ನಾನು ಹೇಳುವುದು ಒಂದೇ ಮಾತು: ಜನರಿಂದ ಏನನ್ನು ಕೇಳುತ್ತೀಯೋ, ಅದರ ಭಾರವನ್ನು ಮೊದಲು ನೀನು ಹೊರು.

ಅಹಮದಾಬಾದಿನ ಕತೆಯನ್ನೇ ನೋಡು. 1917ರಲ್ಲಿ ಅಲ್ಲಿ ಪ್ಲೇಗ್ ಹಬ್ಬಿದಾಗ, ಕೆಲಸಗಾರರು ಊರು ಬಿಟ್ಟು ಹೋಗದಿರಲೆಂದು ಗಿರಣಿ ಮಾಲೀಕರು ಪ್ಲೇಗ್ ಬೋನಸ್ ಕೊಟ್ಟರು. ರೋಗ ಇಳಿಯಿತು, ಬೋನಸ್ ನಿಂತಿತು, ಬೆಲೆ ಮಾತ್ರ ಇಳಿಯಲಿಲ್ಲ. ಕಾರ್ಮಿಕರು ಕೂಲಿಯಲ್ಲಿ ಶೇ. 35ರ ಹೆಚ್ಚಳ ಕೇಳಿದರು, ಮಾಲೀಕರು ಶೇ. 20ಕ್ಕಿಂತ ಮೇಲೆ ಏರಲಿಲ್ಲ, ಗಿರಣಿಗಳ ಕೆಲಸ ನಿಂತಿತು. ಮಾಲೀಕರ ಮುಂದಾಳು ಅಂಬಾಲಾಲ್ ಸಾರಾಭಾಯಿ. ಕಾರ್ಮಿಕರ ಪರವಾಗಿ ನಿಂತವರು ಅವರ ಸ್ವಂತ ಅಕ್ಕ ಅನಸೂಯಾ, ಜೊತೆಗೆ ಗಾಂಧೀಜಿ. ಸಾಬರಮತಿಯ ದಂಡೆಯಲ್ಲಿ, ಮರದ ಕೆಳಗೆ ದಿನಾ ಸಭೆ. ಪಟ್ಟು ಸಡಿಲಿಸುವುದಿಲ್ಲ ಎಂದು ಎಲ್ಲರೂ ಪ್ರತಿಜ್ಞೆ ಮಾಡಿದ್ದರು.

ವಾರಗಳು ಕಳೆದವು. ಒಲೆ ಉರಿಯದ ಮನೆಗಳಲ್ಲಿ ಪ್ರತಿಜ್ಞೆ ಎಷ್ಟು ದಿನ ನಿಂತೀತು? ಇವರಿಗೇನು, ಕಾರಿನಲ್ಲಿ ಬರುತ್ತಾರೆ, ಹೊಟ್ಟೆ ತುಂಬ ಉಣ್ಣುತ್ತಾರೆ, ಸಾಯುವವರು ನಾವು ಎಂದು ಕೇರಿಯಲ್ಲಿ ಗೊಣಗಾಟ ಶುರುವಾಯಿತು. ಆ ಮಾತು ಗಾಂಧೀಜಿಯ ಕಿವಿಗೂ ಬಿತ್ತು. ಅವರು ಹೇಳಿದವರನ್ನು ಗದರಿಸಲಿಲ್ಲ, ಯಾರು ಹೇಳಿದ್ದೆಂದು ಹುಡುಕಿಸಲೂ ಇಲ್ಲ. ಆ ಮಾತಿನಲ್ಲಿದ್ದ ಸತ್ಯವನ್ನು ಒಪ್ಪಿಕೊಂಡರು. 1918ರ ಮಾರ್ಚ್ 15ರಂದು ತಾವೂ ಉಪವಾಸಕ್ಕೆ ಕೂತರು. ಕೆಲಸವಿಲ್ಲದವರಿಗೆ ಕೂಲಿ ಸಿಗಲೆಂದು, ಆಶ್ರಮದಲ್ಲಿ ಕಟ್ಟುತ್ತಿದ್ದ ನೇಯ್ಗೆ ಶಾಲೆಯ ಪಾಯಕ್ಕೆ ಮರಳು ತುಂಬುವ ಕೆಲಸ ಹಚ್ಚಿದರು. ಮರಳಿನ ಬುಟ್ಟಿ ತಲೆಯ ಮೇಲಿಟ್ಟುಕೊಂಡು ಎಲ್ಲರಿಗಿಂತ ಮುಂದೆ ಹೊರಟವರು ಯಾರು ಗೊತ್ತೇ? ಗಿರಣಿ ಮಾಲೀಕರ ಮನೆಮಗಳು ಅನಸೂಯಾ. ಅವರ ಹಿಂದೆ ಬುಟ್ಟಿ ಹೊತ್ತವರ ಸಾಲು ನದಿಯ ಪಾತ್ರದಿಂದ ಮೇಲೇರಿ ಬಂತು. ಮೂರು ದಿನಗಳಲ್ಲಿ ರಾಜಿಯಾಯಿತು. ಮುಂದೆ ಪಂಚರಾದ ಆನಂದಶಂಕರ ಧ್ರುವ ಶೇ. 35ರ ಹೆಚ್ಚಳವನ್ನೇ ಎತ್ತಿಹಿಡಿದರು.

ಗೆದ್ದ ಮೇಲೆ ಗಾಂಧೀಜಿ ಏನು ಮಾಡಿದರೆಂಬುದನ್ನೂ ತಿಳಿದುಕೋ. ಮಾಲೀಕರು ತಮ್ಮ ಸ್ನೇಹಿತರು, ತಮ್ಮ ಉಪವಾಸ ಅವರ ಮೇಲೆ ಒತ್ತಡ ಹೇರಿತು, ಅದೊಂದು ದೊಡ್ಡ ದೋಷ ಎಂದು ಆತ್ಮಕಥೆಯಲ್ಲಿ ತಾವೇ ಬರೆದಿಟ್ಟರು. ಸೋತಾಗ ತಪ್ಪು ಒಪ್ಪಿಕೊಳ್ಳುವವರು ಸಿಗುತ್ತಾರೆ. ಗೆದ್ದಾಗಲೂ ಒಪ್ಪಿಕೊಳ್ಳುವವರನ್ನು ಜನ ಕಣ್ಣುಮುಚ್ಚಿ ನಂಬುತ್ತಾರೆ.

ಇನ್ನು ವಡೋದರಾ. ಮಹಾರಾಜ ಸಯಾಜಿರಾವ್ ಗಾಯಕವಾಡರು 1913ರಲ್ಲಿ ವಿದ್ಯಾರ್ಥಿವೇತನ ಕೊಟ್ಟು ಅಂಬೇಡ್ಕರರನ್ನು ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಕಳಿಸಿದರು. ಅವರ ಉದಾರತೆಯಲ್ಲಿ ಕೊರತೆ ಇರಲಿಲ್ಲ. ಆದರೆ 1917ರಲ್ಲಿ ಅದೇ ಸಂಸ್ಥಾನದ ಕೆಲಸಕ್ಕೆ ಬಂದ ಆ ವಿದ್ವಾಂಸರಿಗೆ ಜಾತಿಯ ಕಾರಣಕ್ಕೆ ತಂಗಲು ಒಂದು ಮನೆ ಸಿಗಲಿಲ್ಲ. ವಸತಿಗಾಗಿ ಕೊಟ್ಟ ಅರ್ಜಿ ಒಬ್ಬ ಅಧಿಕಾರಿಯಿಂದ ಇನ್ನೊಬ್ಬರ ಬಳಿಗೆ ಅಲೆಯುತ್ತಲೇ ಇತ್ತು. ಹನ್ನೊಂದನೆಯ ದಿನ ದೊಣ್ಣೆ ಹಿಡಿದು ಬಂದವರು ಅವರನ್ನು ತಂಗಿದ್ದ ಛತ್ರದಿಂದ ಹೊರಹಾಕಿದರು. ಸಾರ್ವಜನಿಕ ಉದ್ಯಾನದಲ್ಲಿ ಹೊತ್ತು ಕಳೆದು ಅವರು ಮುಂಬೈ ರೈಲು ಹತ್ತಿದರು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುವುದು ಇದಕ್ಕೇ. ನಿನ್ನ ಮನಸ್ಸು ಎಷ್ಟೇ ಒಳ್ಳೆಯದಿರಲಿ, ಅದು ಕೊನೆಯ ಮೇಜಿನವರೆಗೆ ತಲುಪಿದೆಯೇ ಎಂದು ನೀನೇ ಹೋಗಿ ನೋಡಬೇಕು. ಹೊಸದಾಗಿ ಸೇರಿದ ಹುಡುಗಿಗೆ ಊಟದ ಹೊತ್ತಿನಲ್ಲಿ ಪಕ್ಕದಲ್ಲಿ ಯಾರಾದರೂ ಕೂರುತ್ತಾರೆಯೇ? ಗುತ್ತಿಗೆ ಕೆಲಸಗಾರನ ಅರ್ಜಿ ಯಾರ ಮೇಜಿನ ಮೇಲೆ ಕೊಳೆಯುತ್ತಿದೆ? ಇವೆಲ್ಲ ವರದಿಯಲ್ಲಿ ಬರುವುದಿಲ್ಲ.

ಸೂರತ್ ಇದನ್ನೇ ಇನ್ನೊಂದು ಬಗೆಯಲ್ಲಿ ತೋರಿಸಿತು. 1994ರ ಪ್ಲೇಗ್ ಭೀತಿಗೆ ಲಕ್ಷಾಂತರ ಜನ ಊರು ತೊರೆದಿದ್ದರು. ಮರುವರ್ಷ ಪಾಲಿಕೆ ಆಯುಕ್ತರಾಗಿ ಬಂದ ಎಸ್.ಆರ್. ರಾವ್ ದಿನಾ ತಾವೂ ಬೀದಿಗಿಳಿದರು, ಅಧಿಕಾರಿಗಳನ್ನೂ ತಂಪು ಕೋಣೆಗಳಿಂದ ಇಳಿಸಿದರು. ತೀರ್ಮಾನಿಸುವ ಅಧಿಕಾರವನ್ನು ವಲಯದ ಅಧಿಕಾರಿಗಳಿಗೇ ಹಂಚಿದರು. ಕಸ ಗುಡಿಸುವವರು ಮೊದಲಿನವರೇ, ಊರೂ ಅದೇ. ಎರಡು ವರ್ಷ ತುಂಬುವ ಮೊದಲೇ ಸೂರತ್ ದೇಶದ ಶುಚಿಯಾದ ನಗರಗಳ ಸಾಲಿಗೆ ಸೇರಿತು.

ಹಾಗಾಗಿ, ಮಗು, ಭಾನುವಾರ ಕೆಲಸಕ್ಕೆ ಬನ್ನಿ ಎಂದು ತಂಡಕ್ಕೆ ಹೇಳಿದ ದಿನ ನೀನು ಮನೆಯಲ್ಲಿರಬೇಡ. ಖರ್ಚು ಕಡಿತ ಎಂದಾಗ ಮೊದಲ ಕತ್ತರಿ ನಿನ್ನ ಸವಲತ್ತಿಗೆ ಬೀಳಲಿ. ಮೇಲಿನವರು ಬೈದರೆ ನೀನು ನಿಂತು ಕೇಳು, ಹೊಗಳಿದರೆ ಕೆಲಸ ಮಾಡಿದವರ ಹೆಸರು ಹೇಳು. ಬೆನ್ನ ಹಿಂದಿನ ಗೊಣಗಾಟ ಕಿವಿಗೆ ಬಿದ್ದರೆ ಸಿಟ್ಟಾಗಬೇಡ, ಅದರಲ್ಲಿ ನಿಜ ಎಷ್ಟಿದೆ ಎಂದು ನೋಡು. ಇವೆಲ್ಲ ಹೇಳಿದಷ್ಟು ಸುಲಭವಲ್ಲ, ನನಗೆ ಗೊತ್ತು. ಆದರೂ ನಾಳೆಯೇ ಶುರುಮಾಡು. ಹೇಳುವುದು ಶಾಸ್ತ್ರ, ತಿನ್ನುವುದು ಬದನೇಕಾಯಿ ಎಂದು ನಿನ್ನ ಬಗ್ಗೆ ಯಾರೂ ಆಡಿಕೊಳ್ಳುವಂತಾಗದಿರಲಿ. ಅಷ್ಟಾದರೆ ನೀನು ಒಳ್ಳೆಯ ಮುಂದಾಳೇ.